ದಾಖಲೆಗೂ ಚೆನ್ನಮ್ಮ ಅಂತಲೇ ಬರೆಸು ಮಾರಾಯ

ಪ್ರೀತಿಯ ಗೆಳೆಯಾ,

ತೊಟ್ಟಿಲಲ್ಲಿ ಮಗಳಿಗೆ ನಿನ್ನ ಅಜ್ಜಿಯ ಹೆಸರು, ಚೆನ್ನಮ್ಮ. ಶಾಲೆಗೆ ಮಾತ್ರ ಎರಡಕ್ಷರದ ಹೊಸ ಹೆಸರು. ಹೀಗಂತ ಬರೆದಿದ್ದೀಯ. ಈಗ ಎಷ್ಟೋ ಮನೆಗಳಲ್ಲಿ ಇದೇ ನಡೆಯೋದು, ಗೊತ್ತು. ಆದರೂ ಹೇಳುತ್ತೇನೆ, ದಾಖಲೆಗೂ ಚೆನ್ನಮ್ಮ ಅಂತಲೇ ಬರೆಸು ಮಾರಾಯ.

ತೀರಾ ಹಳೇದು ಅಂತ ನಿನ್ನ ಹೆಂಡತಿಗೆ ಅನ್ನಿಸಿದೆ, ಅಲ್ವಾ? ಹಾಗೆ ಕೇಳಿಸುವುದು ಕೊನೆಯ 'ಅಮ್ಮ'ನಿಂದ. 'ಚೆನ್ನ' ಅನ್ನೋದು ದಿನಾ ನಮ್ಮ ಬಾಯಲ್ಲೇ ಇದೆ. ಊಟ ಚೆನ್ನಾಗಿದೆ, ಸೀರೆ ಚೆನ್ನಾಗಿದೆ ಅನ್ನುತ್ತೇವಲ್ಲ, ಅದೇ. ಚೆಲುವೂ ಹೌದು, ಒಳ್ಳೇದೂ ಹೌದು. ಅಕ್ಕಮಹಾದೇವಿ ಒಲಿದದ್ದು ಚೆನ್ನಮಲ್ಲಿಕಾರ್ಜುನನಿಗೆ. ಬೇಲೂರಿನಲ್ಲಿ ನಿಂತವನು ಚೆನ್ನಕೇಶವ. ಈಗಿನ ಕೆಲವು ಹೆಸರುಗಳ ಅರ್ಥ ಕೇಳಿದರೆ ಇಟ್ಟವರೇ ಮೊಬೈಲ್ ತೆಗೆಯುತ್ತಾರೆ. ನಿನಗೆ ಆ ಕಷ್ಟವಿಲ್ಲ.

ಚೆನ್ನಮ್ಮ ಅಂದ ಕೂಡಲೇ ಎಲ್ಲರಿಗೂ ಕಿತ್ತೂರು ನೆನಪಾಗುತ್ತದೆ. 1824ರ ಅಕ್ಟೋಬರ್‌ನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ ಯುದ್ಧ, ಆಮೇಲೆ ಬೈಲಹೊಂಗಲದ ಸೆರೆ, 1829ರಲ್ಲಿ ಅಲ್ಲೇ ಸಾವು. ಇದನ್ನು ನಿನಗೆ ಹೇಳಬೇಕಿಲ್ಲ. ಆದರೆ ನೀನು ಸಾಗರದವನು! ನಿಮ್ಮ ಮಗ್ಗುಲಲ್ಲೇ ಇರುವ ಕೆಳದಿಯ ಚೆನ್ನಮ್ಮನನ್ನು ಮರೆತರೆ ಹೇಗೆ? ಗಂಡ ಸೋಮಶೇಖರ ನಾಯಕ ತೀರಿಕೊಂಡ ಮೇಲೆ, 1672ರಿಂದ ಸುಮಾರು 25 ವರ್ಷ ಆಕೆಯೇ ರಾಜ್ಯ ಆಳಿದಳು. ಶಿವಾಜಿಯ ಮಗ ರಾಜಾರಾಮ ಮೊಘಲರಿಂದ ತಪ್ಪಿಸಿಕೊಂಡು ತಮಿಳುನಾಡಿನ ಜಿಂಜಿ ಕೋಟೆಯ ಕಡೆ ಓಡುತ್ತಿದ್ದಾಗ ಆಸರೆ ಕೊಟ್ಟಳು. ಅದಕ್ಕೆ ಔರಂಗಜೇಬನ ಸೈನ್ಯವೇ ಮೇಲೆ ಬಂತು. ಆಕೆ ಬಗ್ಗಲಿಲ್ಲ. ನನಗಂತೂ ಕಿತ್ತೂರಿನ ರಾಣಿಗಿಂತ ಈಕೆಯ ಮೇಲೇ ಒಂದು ತೂಕ ಜಾಸ್ತಿ ಪ್ರೀತಿ. ಬೆಳಗಾವಿಯವರು ಕೇಳಿಸಿಕೊಂಡರೆ ಬೈತಾರೆ, ಬೈಯಲಿ. ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ ಇದ್ದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅನ್ನುತ್ತಿದ್ದರು.

ಹಾಗಂತ ಇದು ರಾಣಿಯರ ಹೆಸರು ಮಾತ್ರವೂ ಅಲ್ಲ. ಗದ್ದೆ ನೆಟ್ಟವರು, ಸಂತೆಯಲ್ಲಿ ಸೊಪ್ಪು ಮಾರಿದವರು ಎಷ್ಟೋ ಜನ ಚೆನ್ನಮ್ಮಂದಿರೇ. ಧಾರವಾಡದ ಕಡೆ ಚೆನ್ನವ್ವ ಅಂತಾರೆ. ಮುದ್ದಿಗೆ ಚೆನ್ನಿ. ಎರಡಕ್ಷರದ ಹೆಸರು ಬೇಕು ಅಂದಿದ್ದಿಯಲ್ಲ, ಇದೂ ಎರಡೇ!

ಒಂದೇ ಒಂದು ಎಚ್ಚರಿಕೆ. ಕೆಲವರು ಚೆನ್ನಮ್ಮ ಅಂತ ಬರೆಯುತ್ತಾರೆ, ಕೆಲವರು ಚನ್ನಮ್ಮ ಅಂತ. ಎರಡೂ ಬಳಕೆಯಲ್ಲಿವೆ. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಆದರೆ ಮುಂದೆ ಮಗು ಅಫಿಡವಿಟ್ ಮಾಡಿಸಲು ಅಲೆಯಬೇಕು. ನಾನಾದರೆ 'ಚೆ' ಬರೆಸುತ್ತೇನೆ. ಹೆಂಡತಿಯ ಜೊತೆ ಕೂತು ಮಾತಾಡಿ, ಏನಾಯಿತು ಅಂತ ಬರಿ.

ನಿನ್ನ ಗೆಳೆಯ