ಮೈದುನನ ಬಿಡ್ ಬರುವ ಮೊದಲೇ

ಚಿ. ಸೌ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಖರೀದಿ ಶಾಖೆಗೆ ವರ್ಗವಾದದ್ದನ್ನು ಎರಡು ಸಾಲಿನಲ್ಲಿ ಮುಗಿಸಿ ಮೈದುನನ ವಿಷಯಕ್ಕೆ ಒಂದೂವರೆ ಪುಟ ಕೊಟ್ಟಿದ್ದೀಯೆ. ಉತ್ತರ ನಿನಗೇ ಗೊತ್ತಿದೆ ಎಂದು ಅಷ್ಟರಿಂದಲೇ ತಿಳಿಯಿತು. ಅವನು ಕಂಪ್ಯೂಟರ್ ಬಿಡಿಭಾಗ ಸರಬರಾಜು ಮಾಡುವ ಸಂಸ್ಥೆ ಆರಂಭಿಸಿದ್ದಾನೆ, ನಿಮ್ಮ ಕಚೇರಿಯ ಖರೀದಿಗೆ ಇನ್ನೂ ಬಿಡ್, ಅಂದರೆ ಟೆಂಡರ್ ಪ್ರಸ್ತಾವ, ಹಾಕಿಲ್ಲ, ಹಾಕಿದರೂ ನೀನು ನ್ಯಾಯವಾಗಿಯೇ ನೋಡುತ್ತೀಯೆ. ಹೀಗಿರುವಾಗ ಮೇಲಧಿಕಾರಿಗೆ ಹೇಳಿ ಇಲ್ಲದ ಅನುಮಾನ ಎಬ್ಬಿಸುವುದೇಕೆ ಎಂಬುದು ನಿನ್ನ ವಾದ. ತಿಳಿಸು. ಈ ವಾರವೇ ತಿಳಿಸು.

ಹಿತಾಸಕ್ತಿ ಸಂಘರ್ಷ ಎಂದೊಡನೆ ಜನ ಅದನ್ನು ಲಂಚದ ಪಕ್ಕದಲ್ಲಿ ತಂದು ಕೂರಿಸುತ್ತಾರೆ. ನಿನಗೂ ಅದೇ ಅಳುಕು. ಹುದ್ದೆಯೂ ಮನೆಯೂ ಒಂದೇ ಕಡತದಲ್ಲಿ ಎದುರಾದರೆ ಸಂಘರ್ಷ ಹುಟ್ಟುತ್ತದೆ; ಅದಕ್ಕಾಗಿ ನೀನು ಏನನ್ನೂ ಮಾಡಿರಬೇಕಾಗಿಲ್ಲ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ 2003ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನು ಮೂರು ಬಗೆಯಾಗಿ ನೋಡುತ್ತದೆ: ನಿಜಕ್ಕೂ ಇರುವುದು, ಹೊರಗಿನವರಿಗೆ ಇದೆಯೆಂದು ಕಾಣುವುದು, ಮುಂದೆ ಬರಬಹುದಾದದ್ದು. ಈಗ ನಿನ್ನದು ಮೂರನೆಯದು, ಎಲ್ಲಕ್ಕಿಂತ ಅಗ್ಗದ್ದು. ಇವತ್ತು ಒಂದು ಹಾಳೆಯಲ್ಲಿ ಮುಗಿಯುತ್ತದೆ. ಬಿಡ್ ಬಂದ ಮೇಲೆ ಅದೇ ಮಾತು ತಪ್ಪೊಪ್ಪಿಗೆಯಂತೆ ಕೇಳಿಸುತ್ತದೆ.

ಆದರೆ ನನ್ನನ್ನು ಕೂರಿಸಿ ಬರೆಸುತ್ತಿರುವುದು ‘ನಾನು ನ್ಯಾಯವಾಗಿಯೇ ನೋಡುತ್ತೇನೆ’ ಎಂಬ ನಿನ್ನ ಮಾತು. ಈ ಮಾತನ್ನು ನಾನೂ ಒಮ್ಮೆ ನನಗೇ ಹೇಳಿಕೊಂಡಿದ್ದೆ. ನಿನ್ನ ದೊಡ್ಡಮ್ಮನ ಹೊರತು ಯಾರಿಗೂ ತಿಳಿಯದ ಸಂಗತಿ ಅದು.

ನಾನು ತಾಂತ್ರಿಕ ಬಿಡ್‌ಗಳ ಮೌಲ್ಯಮಾಪನ ಸಮಿತಿಯಲ್ಲಿದ್ದೆ. ಮೂರು ಸಂಸ್ಥೆಗಳು ಬಂದಿದ್ದವು, ಒಂದರ ಮಾಲೀಕ ನನ್ನ ಕಾಲೇಜಿನ ಗೆಳೆಯ. ಹೇಳಬೇಕೆಂದು ಅನ್ನಿಸಿತು, ಅವನಿಗಾಗಿ ನಾನೇನೂ ಮಾಡುವುದಿಲ್ಲವಲ್ಲ ಎಂದು ಸುಮ್ಮನಾದೆ. ಅವನ ಪ್ರಸ್ತಾವ ಚೆನ್ನಾಗಿತ್ತು. ಹತ್ತಕ್ಕೆ ಎಂಟು ಎಂದು ಪೆನ್ಸಿಲಿನಲ್ಲಿ ಬರೆದೆ. ಬರೆದು ನೋಡಿದರೆ ಆ ಎಂಟು ನನ್ನನ್ನೇ ದಿಟ್ಟಿಸುತ್ತಿತ್ತು. ಗೆಳೆಯನೆಂದು ಕೊಟ್ಟೆನೇ? ರಬ್ಬರ್ ತೆಗೆದುಕೊಂಡು ಅಳಿಸಿ ಆರು ಮಾಡಿದೆ. ಕಾಗದ ಅಲ್ಲಿ ಸ್ವಲ್ಪ ಜುಂಗೆದ್ದಿತು. ಅದರ ಮೇಲೆಯೇ ಶಾಯಿಯಲ್ಲಿ ತಿದ್ದಿದ್ದರಿಂದ ಆ ಆರು ಉಳಿದ ಅಂಕಿಗಳಿಗಿಂತ ದಪ್ಪವಾಗಿ ಹರಡಿಕೊಂಡಿತು. ಒಟ್ಟು ಕೂಡಿದಾಗ ಅವನು ಒಂದೇ ಅಂಕದಿಂದ ಹೊರಬಿದ್ದ.

ಯಾರೂ ಕೇಳಲಿಲ್ಲ. ಲೆಕ್ಕಪರಿಶೋಧನೆಯವರ ಕಣ್ಣಿಗೂ ಬೀಳಲಿಲ್ಲ. ಸ್ನೇಹಿತನನ್ನು ಗೆಲ್ಲಿಸಿದರೆ ಹುಡುಕಲು ಜನರಿದ್ದಾರೆ, ಸೋಲಿಸಿದರೆ ಯಾರಿದ್ದಾರೆ? ಕೆಲಸ ಪಡೆದ ಸಂಸ್ಥೆ ಕಳಪೆ ಸಾಮಗ್ರಿ ಕೊಟ್ಟಿತು. ನಷ್ಟ ಸಾರ್ವಜನಿಕರದ್ದು. ಎಂಟು ಸರಿಯಾಗಿತ್ತೋ ಆರು ಸರಿಯಾಗಿತ್ತೋ ಇವತ್ತಿಗೂ ನನಗೆ ಗೊತ್ತಿಲ್ಲ, ಮಗಳೇ. ಅಳೆಯುವ ಕೋಲೇ ಸೊಟ್ಟಗಾಗಿದ್ದಾಗ ಕೋಲಿಗೆ ಅದು ಹೇಗೆ ತಿಳಿದೀತು?

1852ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್, ಆಗ ಅದೇ ಅಲ್ಲಿನ ಕೊನೆಯ ಮೇಲ್ಮನವಿ ನ್ಯಾಯಾಲಯ, ಒಂದು ತೀರ್ಪನ್ನು ರದ್ದು ಮಾಡಿತು. ಅದನ್ನು ಕೊಟ್ಟವರು ಆ ದೇಶದ ಲಾರ್ಡ್ ಚಾನ್ಸಲರ್, ಅಂದರೆ ನ್ಯಾಯಾಂಗದ ಮುಖ್ಯಸ್ಥ, ಆಗಿದ್ದ ಕಾಟನ್‌ಹ್ಯಾಮ್. ಮೊಕದ್ದಮೆ ಒಂದು ಕಾಲುವೆ ಕಂಪನಿಯದು, ಆ ಕಂಪನಿಯ ಷೇರುಗಳು ಅವರ ಬಳಿ ಇದ್ದವು. ಅದರಿಂದ ಅವರ ಮನಸ್ಸು ಎಳ್ಳಷ್ಟಾದರೂ ವಾಲಿತ್ತೆಂದು ಯಾರೂ ಭಾವಿಸಲಾರರು ಎಂದು ಆ ಮೇಲ್ಮನವಿ ಕೇಳಿದವರಲ್ಲಿ ಒಬ್ಬರಾದ ಲಾರ್ಡ್ ಕ್ಯಾಂಪ್‌ಬೆಲ್ ಬಾಯಿಬಿಟ್ಟು ಹೇಳಿದರು. ಹೇಳಿಯೂ ತೀರ್ಪನ್ನು ಉಳಿಸಲಿಲ್ಲ. ಅಂಥವರ ಪ್ರಾಮಾಣಿಕತೆಯನ್ನೇ ಲೆಕ್ಕಕ್ಕೆ ಹಿಡಿಯದ ಮೇಲೆ ನನ್ನ ನಿನ್ನ ಮಾತೇನು!

ಇನ್ನು ತಿಳಿಸುವ ಬಗೆ. ಬಾಯಿಮಾತಿನಲ್ಲಿ ಬೇಡ. ‘ಅಂದೇ ಹೇಳಿದ್ದೆನಲ್ಲ ಸಾರ್’ ಎಂಬುದಕ್ಕೆ ಯಾವ ತನಿಖೆಯಲ್ಲೂ ಬೆಲೆಯಿಲ್ಲ. ಆ ಸಾರ್ ಅಷ್ಟರಲ್ಲಿ ನಿವೃತ್ತರಾಗಿರುತ್ತಾರೆ. ನಾಲ್ಕು ಸಾಲು ಸಾಕು: ಸಂಸ್ಥೆ ಯಾವುದು, ಮಾಲೀಕ ನಿನಗೇನಾಗಬೇಕು, ಅದರಲ್ಲಿ ನಿನ್ನದು ಅಥವಾ ನಿನ್ನ ಗಂಡನದು ಹಣ ಇದೆಯೇ ಇಲ್ಲವೇ, ಆ ಬಗೆಯ ಖರೀದಿಯಿಂದ ನಿನ್ನನ್ನು ಹೊರಗಿಡಬೇಕೆಂಬ ಕೋರಿಕೆ. ನಿನ್ನ ಗಂಡ ತಮ್ಮನಿಗೆ ಬಂಡವಾಳವೆಂದು ಏನಾದರೂ ಕೊಟ್ಟಿದ್ದಾನೆಯೇ, ಸಾಲಕ್ಕೆ ಜಾಮೀನು ನಿಂತಿದ್ದಾನೆಯೇ, ಬರೆಯುವ ಮೊದಲು ಕೇಳು. ಕೇಳದೆ ‘ಇಲ್ಲ’ ಎಂದು ಬರೆದು ಆಮೇಲೆ ಸಿಕ್ಕಿಬಿದ್ದವರನ್ನು ನೋಡಿದ್ದೇನೆ.

ಹೊರಗುಳಿಯುವುದೆಂದರೆ ಸಹಿ ಹಾಕದಿರುವುದಷ್ಟೇ ಎಂದು ಬಹಳ ಮಂದಿ ತಿಳಿದಿದ್ದಾರೆ. ಬಿಡ್ ತೆರೆಯುವ ದಿನಕ್ಕಿಂತ ಎಷ್ಟೋ ಮೊದಲು, ಯಾವ ಸಾಮಗ್ರಿ ಬೇಕು ಎಂಬ ತಾಂತ್ರಿಕ ವಿವರ ಬರೆಯುವ ಹಂತದಲ್ಲೇ ಗೆಲ್ಲುವವರು ಯಾರೆಂದು ಅರ್ಧ ತೀರ್ಮಾನವಾಗಿರುತ್ತದೆ. ಆದ್ದರಿಂದ ಬೇಡಿಕೆ ಪಟ್ಟಿಯಿಂದ ಹಿಡಿದು ಬಿಲ್ ಪಾಸಾಗುವವರೆಗೆ ಆ ಕಡತ ನಿನ್ನ ಮೇಜಿಗೆ ಬರಬಾರದು. ನಿನ್ನ ಕೈಕೆಳಗಿನ ಗುಮಾಸ್ತನಿಗೆ ಕೊಟ್ಟರೆ ಅದು ನಿನ್ನ ಬಳಿಯೇ ಇದ್ದಂತೆ. ಬೇರೆ ಶಾಖೆಗೆ ಅಥವಾ ಮೇಲಕ್ಕೆ ಹೋಗಲಿ. ಚರ್ಚೆ ನಡೆಯುವಾಗ ಎದ್ದು ಹೊರಗೆ ಹೋಗು, ಹೋದದ್ದು ಸಭೆಯ ನಡವಳಿಯಲ್ಲಿ ದಾಖಲಾಗಲಿ.

ಕಷ್ಟ ಬರುವುದು ಮನೆಯಲ್ಲಿ. ‘ಅತ್ತಿಗೆ, ಈ ಸಲ ನಿಮ್ಮಲ್ಲಿ ಎಷ್ಟು ಬೇಕಾಗಬಹುದು?’ ಎಂದು ಹುಡುಗ ಸಹಜವಾಗಿಯೇ ಕೇಳುತ್ತಾನೆ, ಕೆಟ್ಟ ಮನಸ್ಸಿನಿಂದಲ್ಲ. ‘ಪ್ರಕಟಣೆ ಬಂದಾಗ ನೋಡಿಕೋ’ ಎಂದು ನಕ್ಕು ಬಿಡು. ಎರಡನೆಯ ಸಲವೂ ಅದೇ ಉತ್ತರ, ಅದೇ ನಗು.

ಉಡುಗೊರೆಯ ಬಗ್ಗೆ ಕೇಳಿದ್ದೀಯೆ. ನಿಯಮದಲ್ಲಿ ಮಿತಿ ಬರೆದಿರುತ್ತಾರೆ, ನೋಡಿಕೋ. ನಾನಂತೂ ಈ ಕುರ್ಚಿಯಲ್ಲಿ ಇಲ್ಲದಿದ್ದರೆ ಇವರು ಇದನ್ನು ಕೊಡುತ್ತಿದ್ದರೇ ಎಂದು ಕೇಳಿಕೊಳ್ಳುತ್ತಿದ್ದೆ, ವಾಪಸು ಕಳಿಸುತ್ತಿದ್ದೆ. ನಿವೃತ್ತಿಯ ಮರುತಿಂಗಳೇ ಒಬ್ಬ ಸರಬರಾಜುದಾರ ಸಲಹೆಗಾರನಾಗಿ ಬನ್ನಿ ಎಂದು ಕರೆದಿದ್ದ. ಹಳೆಯ ಹುದ್ದೆಗೆ ನೇರವಾಗಿ ಸಂಬಂಧಿಸಿದ ಖಾಸಗಿ ಕೆಲಸಕ್ಕೆ ತಕ್ಕಷ್ಟು ಕಾಲ ತಡೆ ಹಾಕಬಹುದೆಂದು 2003ರ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯಲ್ಲೂ ಇದೆ. ಅವನಿಗೆ ಬೇಕಾಗಿದ್ದದ್ದು ನನ್ನ ಸಲಹೆಯಲ್ಲ, ನನ್ನ ಹಳೆಯ ಶಾಖೆಯವರ ಪರಿಚಯ. ಆದರೂ ಒಂದು ದಿನವಿಡೀ ಹಿಗ್ಗಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಪತ್ರವನ್ನು ಆವಕ ವಿಭಾಗದಲ್ಲಿ ಕೊಟ್ಟು, ಸ್ವೀಕೃತಿಯ ಮುದ್ರೆಯೂ ದಿನಾಂಕವೂ ಬಿದ್ದ ಪ್ರತಿಯನ್ನು ಮನೆಯಲ್ಲಿಟ್ಟುಕೋ. ಮೈದುನನಿಗೆ ಮಾತ್ರ ಅದಕ್ಕೂ ಮೊದಲೇ ನೀನೇ ಹೇಳು. ಅತ್ತಿಗೆ ತನ್ನ ಹೆಸರನ್ನು ಬರೆದುಕೊಟ್ಟಿದ್ದಾಳೆಂದು ಅವನಿಗೆ ಬೇರೆಯವರಿಂದ ತಿಳಿಯುವುದು ಬೇಡ.

ನಿನ್ನ ದೊಡ್ಡಪ್ಪ