ಮರಿ ಜಾಸ್ತಿ ಆಯ್ತು ಅಂತ ಕೆರೆಗೆ ಸುರೀಬೇಡಿ

ಮಾನ್ಯ ಸಂಪಾದಕರೇ,

ಮೊನ್ನೆ ಭಾನುವಾರ ಬೆಳಿಗ್ಗೆ ಲಿಂಗಾಂಬುಧಿ ಕೆರೆ ಕಡೆ ವಾಕಿಂಗ್ ಹೋಗಿದ್ದೆ, ಅಲ್ಲೊಬ್ರು ಮಗನ್ನ ಕರ್ಕೊಂಡ್ ಬಂದು ಕವರಿನಲ್ಲಿದ್ದ, ಮನೆ ಟ್ಯಾಂಕಲ್ಲಿ ಸಾಕೋ ಪುಟ್ಟ ಗಪ್ಪಿ ಮೀನನ್ನೆಲ್ಲಾ ನೀರಿಗೆ ಸುರೀತಿದ್ರು, ಜೊತೆಗೆ ಗೇಣುದ್ದದ ಒಂದು ಸಕ್ಕರ್ ಫಿಶ್ಶೂ (ಟ್ಯಾಂಕಿನ ಪಾಚಿ ತಿನ್ಲಿ ಅಂತ ಸಾಕೋ ಮೀನು) ಇತ್ತು. ಯಾಕ್ ಸಾರ್ ಅಂದ್ರೆ "ಮನೇಲಿ ಮರಿ ಹಾಕಿ ಹಾಕಿ ಜಾಗ ಇಲ್ಲ, ಇಲ್ಲಾದ್ರೂ ಬದುಕ್ಕೊಳ್ಲಿ" ಅಂದ್ರು. ಅವ್ರ ಮನಸ್ಸು ಒಳ್ಳೇದೇ, ಅದಕ್ಕೇ ಬರೀತಿದೀನಿ.

ನಾನೂ ಆರು ವರ್ಷದಿಂದ ಮನೇಲಿ ಗಪ್ಪಿ ಮರಿ ಮಾಡಿಸ್ತಿದೀನಿ. ಇದು ಮೊಟ್ಟೆ ಇಡಲ್ಲ, ನೇರ ಮರೀನೇ, ಹೆಚ್ಚುಕಮ್ಮಿ ತಿಂಗಳಿಗೊಂದ್ಸಲ, ಒಂದ್ಸಲಕ್ಕೆ 20-30. ಗಂಡನ್ನ ತೆಗೆದ್ರೆ ನಿಂತೋಗುತ್ತೆ ಅಂದ್ಕೋಬೇಡಿ, ಒಂದ್ಸಲ ಕೂಡಿದ್ರೆ ಸಾಕು, ಹೆಣ್ಣು ತಿಂಗಳುಗಟ್ಟಲೆ ಮರಿ ಹಾಕ್ತಾನೇ ಇರುತ್ತೆ. ನನಗಿದು ಗೊತ್ತಿಲ್ದೆ 3 ಜೊತೆ ತಂದು, ವರ್ಷ ತುಂಬೋದ್ರೊಳಗೆ ಬಕೆಟ್ಟು ಡ್ರಮ್ಮು ಎಲ್ಲಾ ಮೀನೇ. ಮರಿಗೆ ಒಂದು ತಿಂಗಳಾಗ್ತಿದ್ದಂಗೆ ಗಂಡಿನ ಹೊಟ್ಟೆ ಕೆಳಗಿನ ರೆಕ್ಕೆ ಕಡ್ಡಿ ತರ ಚೂಪಾಗುತ್ತೆ, ಆವಾಗ್ಲೇ ಬೇರೆ ಟ್ಯಾಂಕಿಗೆ ಹಾಕ್ಬೇಕು. ಗಿಡ ಕಮ್ಮಿ ಇಟ್ರೆ ದೊಡ್ಡ ಮೀನೇ ಒಂದಷ್ಟು ಮರಿ ತಿನ್ನುತ್ತೆ, ಕೇಳೋಕೆ ಸಂಕಟ ಆಗುತ್ತೆ ನಿಜ, ಆದ್ರೆ ಹೊಳೇಲೂ ಆಗೋದು ಅದೇ.

ಸೊಳ್ಳೆ ಮರಿ ತಿನ್ಲಿ ಅಂತ ಆರೋಗ್ಯ ಇಲಾಖೆಯೋರೇ ಗಪ್ಪಿ ಬಿಡ್ತಾರಲ್ಲ ಅಂತ ಕೆಲವ್ರು ಕೇಳ್ತಾರೆ. ಹೌದು, ದಕ್ಷಿಣ ಅಮೆರಿಕದ ಈ ಮೀನನ್ನ ನಮ್ಮ ದೇಶಕ್ಕೆ ನೂರು ವರ್ಷದ ಹಿಂದೇನೇ ತಂದಿದ್ದು ಅದಕ್ಕೇ. ಆದ್ರೆ ಅದು ಸಿಮೆಂಟ್ ತೊಟ್ಟಿ, ಬಳಸ್ದೆ ಇರೋ ಬಾವಿಗೆ ಸರಿ, ಕೆರೆಗಲ್ಲ, ಅಲ್ಲಿರೋ ನಮ್ಮ ಮೀನುಗಳ ಜಾಗ, ಊಟಕ್ಕೆ ಇದು ಪೈಪೋಟಿ ಕೊಡುತ್ತೆ. ಸಕ್ಕರ್ ಫಿಶ್ ಅಂತೂ ಇನ್ನೂ ಕೆಟ್ಟದ್ದು, ಅಂಗಡೀಲಿ ಎರಡಿಂಚು ಇರುತ್ತೆ, ಬೆಳೆದ್ರೆ ಒಂದಡಿ ದಾಟುತ್ತೆ, ಮೈ ತುಂಬಾ ಗಟ್ಟಿ ಚಿಪ್ಪು ಮುಳ್ಳು, ಮೀನುಗಾರರ ಬಲೆ ಹರಿಯುತ್ತೆ, ದಡದಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತೆ. ಕೆರೆ ಕೋಡಿ ಬಿದ್ರೆ ಅದು ಕಾಲುವೆ ಹಿಡ್ಕೊಂಡು ಹೊಳೆ ಸೇರೋದನ್ನ ತಡೆಯೋರು ಯಾರು?

ಹೊರಗಿನ ಮೀನು ಬಿಟ್ರೆ ಏನಾಗುತ್ತೆ ಅನ್ನೋಕೆ ನಮ್ಮ ಕಾವೇರಿಯ ಮಹಶೀರ್ ಅನ್ನೋ ದೊಡ್ಡ ಮೀನಿನ ಕಥೆ ನೋಡಿ. ಒಳ್ಳೇದಾಗ್ಲಿ ಅಂತಾನೇ ಬೇರೆ ನದಿಯ ನೀಲಿ ರೆಕ್ಕೆ ಮಹಶೀರ್ ಮರಿ ತಂದು ಬಿಟ್ರು, ಅವೇ ಹೆಚ್ಚಾಗಿ ಈಗ ಕಾವೇರಿ ಬಿಟ್ರೆ ಬೇರೆಲ್ಲೂ ಇಲ್ದಿರೋ ಗೂನುಬೆನ್ನಿನ ಮಹಶೀರ್ ಅಳಿದು ಹೋಗೋ ಹಂತಕ್ಕೆ ಬಂದು, 2018ರಲ್ಲಿ ಅತಿ ಅಪಾಯದಲ್ಲಿರೋ ಜೀವಿಗಳ ಪಟ್ಟಿಗೆ ಸೇರ್ತು.

ಜಾಸ್ತಿ ಆದ ಮರೀನ ಗೆಳೆಯರಿಗೆ ಕೊಡಿ, ಅಂಗಡಿಯೋರ್ನ ಕೇಳಿ, ನಾನು ಕೊಟ್ಟು ಬದ್ಲಿಗೆ ಫುಡ್ಡು ತರ್ತೀನಿ. ಪಾಲಿಕೆಯೋರು ಕೆರೆ ಗೇಟಲ್ಲಿ ಒಂದು ಬೋರ್ಡ್ ಹಾಕ್ಬೇಕು, ಅಂಗಡಿಯೋರು ಸಕ್ಕರ್ ಫಿಶ್ ಮಾರೋವಾಗ ಇದು ಎಷ್ಟುದ್ದ ಬೆಳೆಯುತ್ತೆ ಅಂತ ಹೇಳಿ ಕೊಡ್ಬೇಕು ಅಂತ ಕೇಳ್ಕೋತೀನಿ.

ಇಂತಿ ನಿಮ್ಮ ಓದುಗ,
ಕುವೆಂಪುನಗರ, ಮೈಸೂರು