ಮಗಳಿಗೊಂದು ಪತ್ರ: 26 ಅಂಕೆಗಳ ಉತ್ತರ

ಪ್ರೀತಿಯ ಪುಟ್ಟಿ,

ಶಕುಂತಲಾ ದೇವಿಯವರ ಬಗ್ಗೆ ಓದಿ ಮೊನ್ನೆ ಕೇಳಿದೆಯಲ್ಲ, "ಅಷ್ಟು ದೊಡ್ಡ ಉತ್ತರ ಸರಿ ಅಂತ ಹೇಗಪ್ಪ ನಂಬೋದು?" ಅಂತ. ತುಂಬಾ ಒಳ್ಳೆ ಪ್ರಶ್ನೆ. ಆದರೆ ಅದಕ್ಕೆ ಅಂಕೆಗಳು ಕಣ್ಣೆದುರಿಗೇ ಇರಬೇಕು, ಫೋನಿನಲ್ಲಿ ಆಗಲ್ಲ. ಪೆನ್ಸಿಲ್ ಹಿಡಿದು ಕೂತು ಓದು.

ಅವರು ನಮ್ಮ ಬೆಂಗಳೂರಲ್ಲೇ ಹುಟ್ಟಿದವರು, ಸರ್ಕಸ್ಸಿನಲ್ಲಿದ್ದ ಅಪ್ಪನ ಮಗಳು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕೆಗಳ ಎರಡು ಸಂಖ್ಯೆ ಕೊಟ್ಟು ಗುಣಿಸಿ ಅಂದರು. 7686369774870 ಒಂದು, 2465099745779 ಇನ್ನೊಂದು. 28 ಸೆಕೆಂಡಿನಲ್ಲಿ ಅವರು ಹೇಳಿದ ಉತ್ತರ:

18947668177995426462773730

ಮೊದಲು 9ರ ಪರೀಕ್ಷೆ. 10, 100, 1000, ಯಾವುದನ್ನು 9ರಿಂದ ಭಾಗಿಸಿದರೂ 1 ಉಳಿಯುತ್ತದೆ. ಹಾಗಾಗಿ ಅಂಕೆಗಳನ್ನು ಕೂಡಿದರೆ ಸಾಕು, ಶೇಷ ಸಿಕ್ಕಿಬಿಡುತ್ತದೆ. ಮೊದಲ ಸಂಖ್ಯೆಯ ಅಂಕೆಗಳ ಮೊತ್ತ 78, ಅಂದರೆ ಶೇಷ 6. ಎರಡನೆಯದು 74, ಶೇಷ 2. ಆರೆರಡಲ ಹನ್ನೆರಡು, ಅದರ ಶೇಷ 3. ಈಗ ಉತ್ತರದ ಅಂಕೆಗಳನ್ನು ಕೂಡು. 138 ಬರುತ್ತದೆ, ಶೇಷ 3. ತಾಳೆಯಾಯ್ತು!

ಆದರೆ ಇಷ್ಟಕ್ಕೇ ನಂಬಬೇಡ. ಎರಡು ಅಂಕೆ ಅದಲು ಬದಲಾದರೂ ಮೊತ್ತ ಅಷ್ಟೇ ಇರುತ್ತದೆ, ಅಲ್ವಾ? ಆ ತಪ್ಪು 9ಕ್ಕೆ ಕಾಣಿಸುವುದೇ ಇಲ್ಲ.

ಅಲ್ಲಿಗೆ 11 ಬೇಕು. ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ. 10 ಅನ್ನೋದು 11ಕ್ಕೆ ಒಂದು ಕಮ್ಮಿ, 100 ಅನ್ನೋದು 99ಕ್ಕೆ ಒಂದು ಜಾಸ್ತಿ, 1000 ಮತ್ತೆ 1001ಕ್ಕೆ ಒಂದು ಕಮ್ಮಿ. ಅದಕ್ಕೇ ಇಲ್ಲಿ ಅಂಕೆಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಗುಂಪು ಮಾಡಿ ಕೂಡಬೇಕು. ಎರಡನೆಯ ಸಂಖ್ಯೆಯಲ್ಲಿ ಬಲದಿಂದ ಎಣಿಸು. ಬೆಸ ಸ್ಥಾನಗಳಲ್ಲಿ 9, 7, 4, 9, 0, 6, 2, ಮೊತ್ತ 37. ಸಮ ಸ್ಥಾನಗಳಲ್ಲಿ 7, 5, 7, 9, 5, 4, ಅದೂ 37! ವ್ಯತ್ಯಾಸ ಸೊನ್ನೆ, ಅಂದರೆ ಈ ಸಂಖ್ಯೆ 11ರಿಂದ ಪೂರ್ತಿ ಭಾಗವಾಗುತ್ತದೆ. ಹಾಗಾದರೆ ಉತ್ತರವೂ ಭಾಗವಾಗಲೇಬೇಕು. ಮಾಡಿ ನೋಡಿದೆ. ಒಂದು ಗುಂಪು 69, ಇನ್ನೊಂದೂ 69. ಪಕ್ಕಪಕ್ಕದ ಎರಡು ಬೇರೆ ಬೇರೆ ಅಂಕೆ ಅದಲು ಬದಲಾಗಿದ್ದರೆ ಈ ಸಮ ಕೆಟ್ಟೇ ಹೋಗುತ್ತಿತ್ತು.

ಇನ್ನೂ ಏನೇನಿದೆ ನೋಡು. ಕೊನೆಯಲ್ಲಿ ಸೊನ್ನೆ, ಹಾಗಾಗಿ 10ರಿಂದ ಭಾಗವಾಗುತ್ತದೆ. 138 ಮೂರರ ಮಗ್ಗಿಯಲ್ಲಿದೆ, ಹಾಗಾಗಿ 3ರಿಂದಲೂ. 11 ಹೇಗೂ ಸಿಕ್ಕಿತು. ಒಟ್ಟಿಗೆ 330ರಿಂದ ಭಾಗವಾಗುತ್ತದೆ! ಬರೀ ಅಂಕೆ ಕೂಡಿ ಇಷ್ಟು ತಿಳಿಯಿತು, ಒಂದು ಸಲವೂ ಭಾಗಾಕಾರ ಹಾಕಿಲ್ಲ.

ಇಷ್ಟಾದರೂ ಪೂರ್ತಿ ಸಾಬೀತಾಯಿತು ಅನ್ನುವಂತಿಲ್ಲ. ಸರಿಯುತ್ತರಕ್ಕೂ ತಪ್ಪುತ್ತರಕ್ಕೂ ಸರಿಯಾಗಿ 99ರಷ್ಟೋ ಅದರ ಮಡಿಗಳಷ್ಟೋ ವ್ಯತ್ಯಾಸವಿದ್ದರೆ ಎರಡೂ ಪರೀಕ್ಷೆ ಸುಮ್ಮನಿರುತ್ತವೆ. ಅದಕ್ಕೆ 7ರ ಪರೀಕ್ಷೆಯನ್ನೂ ಸೇರಿಸು. ಬಲದಿಂದ ಮೂರು ಮೂರು ಅಂಕೆ ತೆಗೆದುಕೊಂಡು ಒಂದನ್ನು ಕೂಡು, ಮುಂದಿನದನ್ನು ಕಳೆ: 730, ಅದರಲ್ಲಿ 773 ಕಳೆ, 462 ಕೂಡು, ಹೀಗೇ ಕೊನೆಯ 18ರ ತನಕ. ನನಗೆ 550 ಬಂತು, 7ರಿಂದ ಭಾಗಿಸಿದರೆ ಶೇಷ 4. ಆ ಎರಡು ಸಂಖ್ಯೆಗಳ ಶೇಷ ನೀನು ಕಂಡುಹಿಡಿದು, ಗುಣಿಸಿ, ತಾಳೆಯಾಯಿತಾ ಅಂತ ಬರೆದು ಕಳಿಸು.

ನಿನ್ನ ಅಪ್ಪ